ಕೊಲಿನ್ ಕೌಂಟಿಯಲ್ಲಿ ಮೂರು ಎಕರೆ: ಕೊಳ್ಳುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಾವು ಟೆಕ್ಸಸ್‌ನ ಫ್ರಿಸ್ಕೊದಲ್ಲಿ ಒಂಬತ್ತು ವರ್ಷದಿಂದ ಇದ್ದೇವೆ. ಹಿತ್ತಲು ತುಂಬಾ ಚಿಕ್ಕದು. ಕೋಳಿ ಸಾಕಲು ನಮ್ಮ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಒಪ್ಪುವುದಿಲ್ಲ. ಅದಕ್ಕೇ ಇದೇ ಕೊಲಿನ್ ಕೌಂಟಿಯ ಬ್ಲೂ ರಿಡ್ಜ್ ಕಡೆ ಮೂರು ಎಕರೆ ನೋಡಿದ್ದೇವೆ. ಅಲ್ಲಿ ಮನೆ ಕಟ್ಟಿ, ತರಕಾರಿ ಬೆಳೆದು, ಹತ್ತು ಕೋಳಿ, ಸಾಧ್ಯವಾದರೆ ಒಂದು ಹಸು ಸಾಕುವ ಆಸೆ. ಏಜೆಂಟ್ ಹೇಳುತ್ತಾರೆ: "ಇಲ್ಲಿ ಝೋನಿಂಗ್ (ಯಾವ ಜಾಗದಲ್ಲಿ ಏನು ಮಾಡಬಹುದು ಅನ್ನುವ ನಿಯಮ) ಇಲ್ಲ, ಏನು ಬೇಕಾದರೂ ಮಾಡಿ. ಜೇನುಪೆಟ್ಟಿಗೆ ಇಟ್ಟರೆ ತೆರಿಗೆ ಇಲ್ಲ. ಬೋರ್ ಹೊಡೆಸಿದರೆ ನೀರು ನಿಮ್ಮದೇ." ಸ್ನೇಹಿತರು ಹೇಳುವುದು ಬೇರೆ: "ಕೊಲಿನ್ ಈಗ ಪೂರ್ತಿ ಸಿಟಿ, ಅಲ್ಲಿ ಹೋಮ್‌ಸ್ಟೆಡಿಂಗ್ (ಸ್ವಂತ ಜಮೀನಿನಲ್ಲಿ ಮನೆಗೆ ಬೇಕಾದ್ದನ್ನು ಬೆಳೆದು ಬದುಕುವುದು) ಮಾಡಿದರೆ ದುಡ್ಡು ಹಾಳು." ಗದಗಿನಿಂದ ಬಂದಿರುವ ನಮ್ಮ ಅತ್ತೆ ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ, "ಇದು ನಮ್ಮ ಎರಿ ಹೊಲಾನ ಐತಿ" ಅಂದರು. ಯಾರ ಮಾತು ನಂಬುವುದು? ಇನ್ನೊಂದು ಸಣ್ಣ ಪ್ರಶ್ನೆ: ಕರಿಬೇವು, ನುಗ್ಗೆ, ಜೋಳ ಅಲ್ಲಿ ಬರುತ್ತವೆಯೇ?

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಇಲ್ಲಿ ಬಂದಿರುವ ಮೂರು ಅಭಿಪ್ರಾಯಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ. ನಾನು ಕೃಷಿ ಓದಿದ್ದು ಧಾರವಾಡದಲ್ಲಿ. ಈಗ ಹದಿನೆಂಟು ವರ್ಷದಿಂದ ಉತ್ತರ ಟೆಕ್ಸಸ್‌ನಲ್ಲಿ ಜಮೀನು ಕೊಳ್ಳುವವರಿಗೆ ಮಣ್ಣು, ನೀರು ನೋಡಿ ಸಲಹೆ ಕೊಡುತ್ತಿದ್ದೇನೆ. ಮೊದಲ ಸಲ ಈ ಕೌಂಟಿಯ ಹೊಲಕ್ಕೆ ಕಾಲಿಟ್ಟಾಗ ನನಗೂ ಹಾಗೇ ಅನಿಸಿತ್ತು. ಇಲ್ಲಿನ ಕಪ್ಪು ಮಣ್ಣಿಗೆ ಹ್ಯೂಸ್ಟನ್ ಬ್ಲ್ಯಾಕ್ ಅಂತ ಹೆಸರು. ಗದಗ, ಧಾರವಾಡ, ವಿಜಯಪುರದ ಎರೆಮಣ್ಣೂ ಇದೂ ಮಣ್ಣಿನ ಶಾಸ್ತ್ರದಲ್ಲಿ ಒಂದೇ ಗುಂಪು, ವರ್ಟಿಸಾಲ್. ಒಣಗಿದರೆ ಕಲ್ಲಿನಂತೆ ಗಟ್ಟಿ, ನೆನೆದರೆ ಕಾಲಿಗೆ ಮೆತ್ತುವ ಅಂಟು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಹಿಂದೆ ಇಲ್ಲೆಲ್ಲ ಹತ್ತಿಯ ಹೊಲಗಳೇ ಇದ್ದವು.

ಈಗ ನಿಮ್ಮ ಆತಂಕ. ನೀವು ಕೇಳುತ್ತಿರುವುದು "ಈ ಕೌಂಟಿ ಹೋಮ್‌ಸ್ಟೆಡಿಂಗ್‌ಗೆ ಸರಿಯೇ" ಅಂತ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಬೆಂಗಳೂರು ನಗರ ಜಿಲ್ಲೆ ಬೇಸಾಯಕ್ಕೆ ಸರಿಯೇ ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಜಯನಗರವೂ ಅದರಲ್ಲೇ ಇದೆ, ಆನೇಕಲ್ಲಿನ ರಾಗಿ ಹೊಲವೂ ಅದರಲ್ಲೇ ಇದೆ. ಕೊಲಿನ್ ಕೂಡ ಹಾಗೇ. ಪ್ಲೇನೊ, ಫ್ರಿಸ್ಕೊ ಅದರಲ್ಲೇ ಇವೆ, ಫಾರ್ಮರ್ಸ್‌ವಿಲ್, ಬ್ಲೂ ರಿಡ್ಜ್ ಕಡೆಯ ಹುಲ್ಲುಗಾವಲೂ ಅದರಲ್ಲೇ ಇವೆ. ಹಾಗಾಗಿ ಕೌಂಟಿಗೆ ಅಂಕ ಕೊಡುವುದನ್ನು ಬಿಡಿ. ನೀವು ನೋಡಿರುವ ಆ ಮೂರು ಎಕರೆಯ ಮೇಲೆ ಯಾರ ಅಧಿಕಾರ ಇದೆ, ಅಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಆ ಜಾಗ ಇನ್ನೆಷ್ಟು ವರ್ಷ ಹೊಲವಾಗಿಯೇ ಉಳಿಯುತ್ತದೆ, ಈ ಮೂರನ್ನು ನೋಡೋಣ. ನನ್ನ ಅನುಭವದಲ್ಲಿ ಜನ ಮೊದಲನೆಯದನ್ನು ಅರ್ಧ ಕೇಳುತ್ತಾರೆ, ಎರಡನೆಯದನ್ನು ತಡವಾಗಿ ಕೇಳುತ್ತಾರೆ, ಮೂರನೆಯದನ್ನು ಕೇಳುವುದೇ ಇಲ್ಲ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಅಮೆರಿಕ ಸರಕಾರ 160 ಎಕರೆ ಕೊಡುತ್ತಿತ್ತಲ್ಲ, ಅದು ಟೆಕ್ಸಸ್‌ಗೆ ಅನ್ವಯಿಸಲೇ ಇಲ್ಲ. 1845ರಲ್ಲಿ ಅಮೆರಿಕಕ್ಕೆ ಸೇರುವಾಗ ಟೆಕ್ಸಸ್ ತನ್ನ ಖಾಲಿ ಜಮೀನನ್ನು ತನ್ನ ಬಳಿಯೇ ಇಟ್ಟುಕೊಂಡಿತು. ಬೇರೆ ರಾಜ್ಯಗಳಲ್ಲೂ ಆ ಕಾಯ್ದೆ 1976ಕ್ಕೆ ಮುಗಿಯಿತು, ಅಲಾಸ್ಕದಲ್ಲಿ ಮಾತ್ರ 1986ರವರೆಗೆ ನಡೆಯಿತು. ಇಲ್ಲಿ ತೆರಿಗೆ ಕಾಗದದಲ್ಲಿ ಕಾಣುವ "ಹೋಮ್‌ಸ್ಟೆಡ್ ಎಕ್ಸೆಂಪ್ಷನ್" ಬೇರೆಯೇ. ನೀವೇ ವಾಸಿಸುವ ಮನೆಗೆ ಸಿಗುವ ರಿಯಾಯಿತಿ ಅದು. ಫ್ರಿಸ್ಕೊದ ಮನೆಗೆ ಈಗಾಗಲೇ ಸಿಗುತ್ತಿರಬಹುದು. ಕೋಳಿ, ಹಸು, ಬೇಸಾಯಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ಏಜೆಂಟ್ ಹೇಳಿದ "ಝೋನಿಂಗ್ ಇಲ್ಲ". ಇದು ಅರ್ಧ ಸತ್ಯ. ಟೆಕ್ಸಸ್‌ನಲ್ಲಿ ಕೌಂಟಿಗಳಿಗೆ ಸಾಮಾನ್ಯವಾಗಿ ಝೋನಿಂಗ್ ಮಾಡುವ ಅಧಿಕಾರ ಇಲ್ಲ, ನಗರಗಳಿಗೆ ಮಾತ್ರ ಇದೆ. ಆದರೆ ನಗರದ ಗಡಿಯಾಚೆಗೂ ಇಟಿಜೆ ಅನ್ನುವ ಒಂದು ವಲಯ, ಅಂದರೆ ನಗರದ ಅಧಿಕಾರ ಸ್ವಲ್ಪ ಮಟ್ಟಿಗೆ ನಡೆಯುವ ಹೊರಭಾಗ, ಇರುತ್ತದೆ. ಊರಿನ ಜನಸಂಖ್ಯೆ ನೋಡಿಕೊಂಡು ಅದು ಅರ್ಧ ಮೈಲಿಯಿಂದ ಐದು ಮೈಲಿವರೆಗೆ ಚಾಚಿರುತ್ತದೆ. ಅಲ್ಲಿ ಜಮೀನನ್ನು ಹೇಗೆ ಭಾಗ ಮಾಡಬೇಕು ಅನ್ನುವುದರಲ್ಲಿ ನಗರದ ಮಾತು ನಡೆಯುತ್ತದೆ. 2023ರ ಕಾನೂನಿನ ನಂತರ ಮಾಲೀಕರು ಅರ್ಜಿ ಕೊಟ್ಟು ಇಟಿಜೆಯಿಂದ ಹೊರಬರುವ ದಾರಿ ತೆರೆದಿದೆ.

ಇದಕ್ಕಿಂತ ಮುಖ್ಯವಾದದ್ದು ಡೀಡ್ ರೆಸ್ಟ್ರಿಕ್ಷನ್. ಯಾವುದೋ ಕಾಲದಲ್ಲಿ ದೊಡ್ಡ ಜಮೀನನ್ನು ಮೂರು ಮೂರು ಎಕರೆಯಾಗಿ ಕತ್ತರಿಸಿ ಮಾರಿದವರು ಕ್ರಯಪತ್ರದ ಜೊತೆ ಷರತ್ತು ಸೇರಿಸಿರುತ್ತಾರೆ. ಹಂದಿ ಬೇಡ, ಕೋಳಿ ಇಷ್ಟಕ್ಕಿಂತ ಜಾಸ್ತಿ ಬೇಡ, ಮನೆ ಇಷ್ಟು ಚದರಡಿಗಿಂತ ಚಿಕ್ಕದಿರಬಾರದು, ಹೀಗೆ. ಝೋನಿಂಗ್ ಇಲ್ಲದ ಜಾಗದಲ್ಲೂ ಇವು ಜಾರಿಯಲ್ಲಿರುತ್ತವೆ. ಒಂದು ಕುಟುಂಬ ಆಡು ತಂದ ಮೇಲೆ ಈ ಷರತ್ತು ಓದಿದ್ದನ್ನು ನಾನು ನೋಡಿದ್ದೇನೆ. ಅವರು ಆಡುಗಳನ್ನು ಮಾರಬೇಕಾಯಿತು. ಮಕ್ಕಳು ಅವಕ್ಕೆಲ್ಲ ಹೆಸರಿಟ್ಟಿದ್ದರು. ಈ ದಾಖಲೆಗಳು ಮೆಕಿನಿಯಲ್ಲಿರುವ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಣಿಯಾಗಿರುತ್ತವೆ. ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಯವರೂ ತೆಗೆದುಕೊಡುತ್ತಾರೆ. ಖರೀದಿ ಕರಾರಿನಲ್ಲಿ ಆಪ್ಷನ್ ಪೀರಿಯಡ್ ಬರೆಸಿಕೊಳ್ಳಿ. ಆ ದಿನಗಳೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು. ಅಷ್ಟರೊಳಗೆ ಷರತ್ತುಗಳನ್ನು ಪೂರ್ತಿ ಓದಿ.

"2023ರಲ್ಲಿ ಟೆಕ್ಸಸ್ ಸಂವಿಧಾನಕ್ಕೇ ಬೇಸಾಯದ ಹಕ್ಕು ಸೇರಿಸಿದ್ದಾರೆ, ಇನ್ನು ಯಾರೂ ಕೇಳುವಂತಿಲ್ಲ" ಅಂತಲೂ ಕೆಲವರು ಹೇಳುತ್ತಾರೆ. ಆ ತಿದ್ದುಪಡಿ ಆದದ್ದು ನಿಜ. ಆದರೆ ಅದು ಸರಕಾರಗಳ ಕೈ ಕಟ್ಟುತ್ತದೆಯೇ ಹೊರತು, ನೀವೇ ಸಹಿ ಹಾಕಿ ಒಪ್ಪಿಕೊಂಡ ಷರತ್ತನ್ನು ಅಳಿಸುವುದಿಲ್ಲ. ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಇನ್ನೊಂದು ಹಳೆಯ ನಿಯಮ. ಕಾನೂನುಬದ್ಧವಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಡೆಯುತ್ತಿರುವ ಬೇಸಾಯದ ಮೇಲೆ, ಆಮೇಲೆ ಬಂದ ನೆರೆಯವರು ವಾಸನೆ, ಸದ್ದು ಅಂತ ದಾವೆ ಹೂಡಿ ಗೆಲ್ಲುವುದು ಕಷ್ಟ. ಹಾಗಾಗಿ ಯಾವಾಗ ಬಿತ್ತಿದಿರಿ, ಯಾವಾಗ ಕೋಳಿ ತಂದಿರಿ ಅನ್ನುವುದಕ್ಕೆ ಫೋಟೋ, ರಸೀದಿ ಇಟ್ಟುಕೊಳ್ಳಿ.

ತೆರಿಗೆಯ ಮಾತು. "ಜೇನು ಇಟ್ಟರೆ ತೆರಿಗೆ ಇಲ್ಲ" ಅನ್ನುವುದು ನಿಮ್ಮ ಮೂರು ಎಕರೆಗೆ ಸುಳ್ಳು. ಜೇನಿಗಾಗಿ ಕೃಷಿ ಮೌಲ್ಯಮಾಪನ ಸಿಗಬೇಕಾದರೆ ಜಮೀನು 5ರಿಂದ 20 ಎಕರೆಯೊಳಗೆ ಇರಬೇಕು ಅಂತ ಕಾನೂನಿನಲ್ಲೇ ಇದೆ. ಮನೆ ನಿಂತ ಜಾಗವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದಾಗಿ, ಇದು ತೆರಿಗೆ ಮನ್ನಾ ಅಲ್ಲ. ಜಮೀನನ್ನು ಮಾರುಕಟ್ಟೆ ಬೆಲೆಯ ಬದಲು ಬೆಳೆಯ ಆದಾಯದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ, ಆದ್ದರಿಂದ ತೆರಿಗೆ ತುಂಬಾ ಇಳಿಯುತ್ತದೆ. ಮೂರನೆಯದು ಏಜೆಂಟರು ಬಾಯಿ ಬಿಡದ ಸಂಗತಿ. ಮಾರುವವರ ಹೆಸರಿನಲ್ಲಿ ಈಗ ಕೃಷಿ ಮೌಲ್ಯಮಾಪನ ಇದ್ದರೆ, ನೀವು ಮನೆ ಕಟ್ಟಿದ ಭಾಗದ ಬಳಕೆ ಬದಲಾಯಿತು ಅಂತ ಹಿಂದಿನ ಮೂರು ವರ್ಷದ ವ್ಯತ್ಯಾಸದ ತೆರಿಗೆ ಆ ಜಮೀನಿನ ಮೇಲೆ ಬೀಳಬಹುದು. ರೋಲ್‌ಬ್ಯಾಕ್ ಅನ್ನುತ್ತಾರೆ. ಅದನ್ನು ಕಟ್ಟುವವರು ಯಾರು ಅಂತ ಕರಾರಿನಲ್ಲಿ ಬರೆಯದಿದ್ದರೆ ನಿಮ್ಮ ತಲೆಗೇ ಬರಬಹುದು. ಉಳಿದ ಭಾಗಕ್ಕೂ ಹೊಸ ಮಾಲೀಕರು ಹೊಸದಾಗಿ ಅರ್ಜಿ ಹಾಕಬೇಕು. ತೆರಿಗೆ ಉಳಿತಾಯ ಸೊನ್ನೆ ಅಂತಲೇ ಲೆಕ್ಕ ಹಾಕಿ. ಆಗಲೂ ಕಂತು ಕಟ್ಟಲು ಆಗುತ್ತದೆ ಅನಿಸಿದರೆ ಮಾತ್ರ ಮುಂದಕ್ಕೆ ಹೋಗಿ.

ನೀರಿನ ವಿಷಯಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ.

ನೆಲದಡಿಯ ನೀರು ಜಮೀನಿನ ಮಾಲೀಕನದು ಅನ್ನುವುದು ಟೆಕ್ಸಸ್‌ನಲ್ಲಿ 1904ರ ಒಂದು ತೀರ್ಪಿನಿಂದ ಬಂದ ಪದ್ಧತಿ. ಆದರೆ ಇವತ್ತು ಕೊಲಿನ್, ಡೆಂಟನ್, ಕುಕ್ ಕೌಂಟಿಗಳ ಅಂತರ್ಜಲವನ್ನು ನೋಡಿಕೊಳ್ಳಲು 2009ರಲ್ಲಿ ರಚನೆಯಾದ ಒಂದು ಪ್ರಾಧಿಕಾರ ಇದೆ. ಬಾವಿ ತೋಡುವ ಮೊದಲು ಅವರ ಬಳಿ ಹೋಗಬೇಕು. ಇಷ್ಟೇ ಜಾಗ ಇರಬೇಕು, ಬೇಲಿಯಿಂದ ಇಷ್ಟು ದೂರ ಇರಬೇಕು ಅನ್ನುವ ನಿಯಮಗಳನ್ನು ಅವರಿಂದಲೇ ಬರಹದಲ್ಲಿ ಪಡೆಯಿರಿ.

ಕಾನೂನಿಗಿಂತ ದೊಡ್ಡ ತೊಂದರೆ ನೀರಿನದೇ. ನಿಮ್ಮ ಕಡೆ ನೆಲದಡಿ ಇರುವ ದೊಡ್ಡ ನೀರಿನ ಪದರ ಟ್ರಿನಿಟಿ. ಈ ಕೌಂಟಿಯಲ್ಲಿ ಅದು ಸಾವಿರ ಅಡಿಗೂ ಆಳ. ಅಷ್ಟು ಆಳದ ಬೋರ್‌ಗೆ ಹತ್ತಾರು ಸಾವಿರ ಡಾಲರ್ ಬೇಕು. ಅಲ್ಲಿಂದ ಬರುವ ನೀರು ಬಾಯಿಗೆ ಮೆದುವಾಗಿರುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಎಷ್ಟು ಒಳ್ಳೆಯ ನೀರು ಅಂತ ಅನಿಸುತ್ತದೆ. ಆ ಮೆದುವಿಗೆ ಕಾರಣ ಸೋಡಿಯಂ. ಈ ನೀರನ್ನು ಎರೆಮಣ್ಣಿಗೆ ಹಾಯಿಸುತ್ತಾ ಹೋದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳು ಮುಚ್ಚಿಹೋಗುತ್ತವೆ. ಮೇಲೆ ಗಟ್ಟಿ ಪದರ ಕಟ್ಟುತ್ತದೆ, ನೀರು ಇಂಗುವುದಿಲ್ಲ. ನಿಮ್ಮ ಅತ್ತೆಯವರನ್ನು ಕೇಳಿ. ಕಾಲುವೆ ನೀರು ಬಂದ ಮೇಲೆ ಸವಳು ಹಿಡಿದ ಎರೆ ಹೊಲ ಅವರು ನೋಡಿರಬಹುದು. ನಾನು ಸಲಹೆ ಕೊಟ್ಟ ಒಂದು ಮನೆಯವರು ಮೂರು ಬೇಸಿಗೆ ಹೀಗೆ ಬೋರ್ ನೀರು ಹಾಯಿಸಿ, ಬಂಗಾರದಂಥ ಮಡಿಗಳನ್ನು ಸಿಮೆಂಟಿನಂತೆ ಮಾಡಿಕೊಂಡಿದ್ದರು. ಜಿಪ್ಸಮ್ ಹಾಕಿ, ಮಳೆ ನೀರಿನಲ್ಲಿ ತೊಳೆದು ಸರಿಮಾಡಲು ಎರಡು ವರ್ಷ ಹಿಡಿಯಿತು. ಬೋರ್ ಹೊಡೆಸುವ ಮುಂಚೆ ಅಕ್ಕಪಕ್ಕದ ಬೋರ್‌ನ ನೀರು ತಂದು ಸೋಡಿಯಂ ಪ್ರಮಾಣ, ಅಂದರೆ ಎಸ್‌ಎಆರ್, ಪರೀಕ್ಷೆ ಮಾಡಿಸಿ. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಅಗ್ರಿಲೈಫ್ ಎಕ್ಸ್‌ಟೆನ್ಷನ್‌ನ ಪ್ರಯೋಗಾಲಯದಲ್ಲಿ ನೀರು, ಮಣ್ಣು ಎರಡನ್ನೂ ನೋಡುತ್ತಾರೆ.

ಹಾಗಾದರೆ ಏನು ಮಾಡುವುದು? ರಸ್ತೆಯಲ್ಲಿ ಸಾರ್ವಜನಿಕ ನೀರಿನ ಪೈಪ್ ಇದೆಯೇ, ಹೊಸ ಮೀಟರ್ ಕೊಡುತ್ತಾರೆಯೇ ಅಂತ ಆ ಭಾಗದ ನೀರಿನ ಸಂಸ್ಥೆಯಿಂದ ಪತ್ರ ತನ್ನಿ. "ಪೈಪ್ ಇದೆ" ಅನ್ನುವುದೂ "ಮೀಟರ್ ಸಿಗುತ್ತದೆ" ಅನ್ನುವುದೂ ಬೇರೆ ಬೇರೆ. ಮನೆಗೆ ಆ ನೀರು, ತೋಟಕ್ಕೆ ಮಳೆ ನೀರು. ಈ ಜೋಡಿಯೇ ಇಲ್ಲಿಗೆ ಸರಿ. ಲೆಕ್ಕ ನೋಡಿ. ಸಾವಿರ ಚದರಡಿ ಛಾವಣಿಗೆ ಒಂದು ಇಂಚು ಮಳೆ ಬಿದ್ದರೆ ಸುಮಾರು 600 ಗ್ಯಾಲನ್. ಇಲ್ಲಿ ವರ್ಷಕ್ಕೆ ಸುಮಾರು 40 ಇಂಚು ಮಳೆ. ಮನೆ, ಶೆಡ್ ಸೇರಿ 2,000 ಚದರಡಿ ಛಾವಣಿ ಇದ್ದರೆ, ಸೋರಿಕೆ ಕಳೆದರೂ ವರ್ಷಕ್ಕೆ 40,000 ಗ್ಯಾಲನ್ ಹತ್ತಿರ ಸಿಗುತ್ತದೆ. 2,000 ಚದರಡಿ ತರಕಾರಿ ಮಡಿಗೆ ಕಡು ಬೇಸಿಗೆಯಲ್ಲಿ ವಾರಕ್ಕೆ ಒಂದು ಇಂಚು ಅಂದರೆ 1,250 ಗ್ಯಾಲನ್ ಬೇಕು. ಹತ್ತು ವಾರ ಮಳೆ ಬಾರದಿದ್ದರೂ 12,500 ಗ್ಯಾಲನ್‌ನ ಟ್ಯಾಂಕ್ ದಾಟಿಸುತ್ತದೆ. ಟ್ಯಾಂಕಿನ ಖರ್ಚು ಕಡಿಮೆಯೇನಲ್ಲ, ಆದರೆ ಆಳದ ಬೋರ್‌ಗಿಂತ ಎಷ್ಟೋ ವಾಸಿ.

ಎರೆಮಣ್ಣು ಇನ್ನೊಂದು ಕಡೆಯೂ ಖರ್ಚು ತರುತ್ತದೆ. ಚರಂಡಿ ಲೈನ್ ಇಲ್ಲದ ಕಡೆ ಸೆಪ್ಟಿಕ್ ಬೇಕು. ಈ ಜಿಗುಟು ಮಣ್ಣಿನಲ್ಲಿ ನೀರು ಇಂಗುವುದಿಲ್ಲವಾದ್ದರಿಂದ ಸಾದಾ ಸೆಪ್ಟಿಕ್‌ಗೆ ಒಪ್ಪಿಗೆ ಸಿಗುವುದು ಕಷ್ಟ. ಗಾಳಿ ಊದಿ ಶುದ್ಧ ಮಾಡಿ ಹುಲ್ಲಿನ ಮೇಲೆ ಚಿಮುಕಿಸುವ ಏರೋಬಿಕ್ ವ್ಯವಸ್ಥೆಯನ್ನೇ ಹಾಕಿಸಬೇಕಾಗುತ್ತದೆ. ಹತ್ತು ಸಾವಿರ ಡಾಲರ್ ದಾಟುತ್ತದೆ, ಆಮೇಲೆ ನಿರ್ವಹಣೆಯ ಖರ್ಚೂ ಇರುತ್ತದೆ. ಆ ನೀರು ಚಿಮುಕುವ ಜಾಗದಲ್ಲಿ ತರಕಾರಿ ಬೆಳೆಯುವಂತಿಲ್ಲ. ಮನೆಯ ತಳಪಾಯವೂ ಮಣ್ಣು ಹಿಗ್ಗಿ ಕುಗ್ಗುವುದನ್ನು ತಡೆಯುವಂತೆ ಇರಬೇಕು. ಇದನ್ನೆಲ್ಲ ಜಮೀನಿನ ಬೆಲೆಗೆ ಸೇರಿಸಿಯೇ ಯೋಚಿಸಿ.

ಮಣ್ಣಿನಲ್ಲಿ ವಿಷ ಇದೆಯೇ ಅನ್ನುವುದನ್ನೂ ನೋಡಿ. ಹಳೆಯ ಹತ್ತಿ ಹೊಲವಾದರೆ ಆರ್ಸೆನಿಕ್ ಪರೀಕ್ಷೆ ಮಾಡಿಸಿ, ಕೊಯ್ಲಿಗೆ ಮುಂಚೆ ಎಲೆ ಒಣಗಿಸಲು ಅದನ್ನು ಸಿಂಪಡಿಸುವ ಪದ್ಧತಿ ಇಲ್ಲಿತ್ತು. ಹೊರಗಿನಿಂದ ಸೆಗಣಿ ಗೊಬ್ಬರ, ಹುಲ್ಲು ತರುವಾಗ ಹುಲ್ಲುಗಾವಲಿಗೆ ಪಿಕ್ಲೊರಾಮ್ ಅಥವಾ ಅಮಿನೊಪೈರಾಲಿಡ್ ಇರುವ ಕಳೆನಾಶಕ ಹೊಡೆದಿದ್ದಾರೆಯೇ ಅಂತ ಕೇಳಿ. ದನ ತಿಂದು ಸೆಗಣಿಯಾದ ಮೇಲೂ ಅದರ ಶಕ್ತಿ ಹೋಗುವುದಿಲ್ಲ. ಟೊಮೆಟೊ, ಅವರೆ ಎಲೆಗಳು ಮುದುರಿ ಸಾಯುತ್ತವೆ. ಒಳ್ಳೆಯ ಗೊಬ್ಬರ ಅಂತ ಹಾಕಿ ಇಡೀ ತೋಟ ಕಳೆದುಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ. ಸ್ವಲ್ಪ ಗೊಬ್ಬರವನ್ನು ಕುಂಡದಲ್ಲಿ ಹಾಕಿ ನಾಲ್ಕು ಹುರುಳಿ ಕಾಳು ಬಿತ್ತಿ ಮೂರು ವಾರ ಕಾದರೆ ಗೊತ್ತಾಗಿಬಿಡುತ್ತದೆ.

ಹಸುವಿನ ಆಸೆ ಬಗ್ಗೆ ನೇರವಾಗಿ ಹೇಳುತ್ತೇನೆ. ಮೂರು ಎಕರೆಯಲ್ಲಿ ಬೇಡ. ಮನೆ, ದಾರಿ, ಸೆಪ್ಟಿಕ್, ತೋಟ ಕಳೆದರೆ ಒಂದೂವರೆ ಎಕರೆ ಉಳಿದರೆ ಹೆಚ್ಚು. ಹುಲ್ಲಿನ ತಳಿ ನೋಡಿಕೊಂಡು ಇಲ್ಲಿ ಒಂದು ಹಸುವಿಗೆ ಸುಮಾರು 4ರಿಂದ 8 ಎಕರೆ ಬೇಕು. ಉಳಿದದ್ದೆಲ್ಲ ಕೊಂಡ ಹುಲ್ಲು. ಒಂಟಿ ಹಸು ಕೊರಗುತ್ತದೆ, ಅದಕ್ಕೊಂದು ಜೊತೆ ಬೇಕು. ಕೋಳಿ ಖಂಡಿತ ಸಾಕಿ. ರಾತ್ರಿ ಭದ್ರವಾದ ಗೂಡು ಇರಲಿ. ಕೋಳಿ ಹಿಡಿಯುವ ಕಯೋಟಿ, ರಕೂನ್, ಗಿಡುಗ ಮೂರೂ ಇಲ್ಲಿವೆ.

ಇನ್ನು ಸ್ನೇಹಿತರ "ಪೂರ್ತಿ ಸಿಟಿ" ಅನ್ನುವ ಮಾತು. ಇವತ್ತಿಗೆ ಅದು ಸುಳ್ಳು, ಆದರೆ ಅವರ ಭಯಕ್ಕೆ ಕಾರಣ ಇದೆ. ಕೊಲಿನ್ ಜನಸಂಖ್ಯೆ 2010ರಲ್ಲಿ 7.82 ಲಕ್ಷ, 2020ರಲ್ಲಿ 10.64 ಲಕ್ಷ. ಇದೇ ಕೌಂಟಿಯ ಸೆಲೈನಾ 2023ರಲ್ಲಿ 20,000ಕ್ಕೂ ಹೆಚ್ಚು ಜನರಿರುವ ಅಮೆರಿಕದ ನಗರಗಳಲ್ಲೇ ಅತಿ ವೇಗವಾಗಿ ಬೆಳೆದದ್ದು, 2024ರಲ್ಲಿ ಅದೇ ಸ್ಥಾನಕ್ಕೆ ಪ್ರಿನ್ಸ್‌ಟನ್ ಬಂತು. ಪ್ರಿನ್ಸ್‌ಟನ್‌ನಲ್ಲಿ ನೀರು, ರಸ್ತೆ ಸಾಲದೆ 2024ರ ಸೆಪ್ಟೆಂಬರ್‌ನಲ್ಲಿ ಹೊಸ ವಸತಿ ಬಡಾವಣೆಗಳಿಗೆ ತಡೆ ಹಾಕಬೇಕಾಯಿತು. ನೀವು ನೋಡಿರುವ ಜಾಗ ಅಲ್ಲಿಂದ ದೂರವೇನಲ್ಲ.

2019ರ ಕಾನೂನಿನ ನಂತರ ನಗರವು ಸಾಮಾನ್ಯವಾಗಿ ಮಾಲೀಕರ ಒಪ್ಪಿಗೆ ಇಲ್ಲದೆ ಜಮೀನನ್ನು ಒಳಗೆ ಸೇರಿಸಿಕೊಳ್ಳುವಂತಿಲ್ಲ. ಹಾಗಾಗಿ ನಗರ ನಿಮ್ಮ ಬಾಗಿಲಿಗೆ ಬರುವುದು ಪಕ್ಕದ ನೂರು ಎಕರೆಯವರು ಬಿಲ್ಡರ್‌ಗೆ ಮಾರಿದಾಗ. ಆಗ ಮೊದಲು ಬದಲಾಗುವುದು ಮಳೆ ನೀರಿನ ಹರಿವು. ಅವರ ಕಾಂಕ್ರೀಟಿನ ಮೇಲೆ ಬಿದ್ದ ನೀರು ನಿಮ್ಮ ತಗ್ಗಿಗೆ ಬರುತ್ತದೆ. ಆದ್ದರಿಂದ ನೆರೆಯ ಜಮೀನುಗಳು ಯಾರ ಹೆಸರಿನಲ್ಲಿವೆ ಅಂತ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಕಚೇರಿಯಾದ ಅಪ್ರೈಸಲ್ ಡಿಸ್ಟ್ರಿಕ್ಟ್‌ನ ನಕ್ಷೆಯಲ್ಲಿ ನೋಡಿ. ಕಂಪನಿಗಳ ಹೆಸರು ಜಾಸ್ತಿ ಕಂಡರೆ ನಿಮಗೆ ಹತ್ತು ವರ್ಷ ಸಿಗುವುದೂ ಅನುಮಾನ. ಔಟರ್ ಲೂಪ್ ಮತ್ತು ಹೈವೇ 380ರ ಬೈಪಾಸ್ ರಸ್ತೆ ಯೋಜನೆಗಳ ನಕ್ಷೆಗಳನ್ನೂ ಮುಂದಿಟ್ಟುಕೊಳ್ಳಿ. ಎತ್ತರದ ಜಾಗ ಆರಿಸಿ.

ನಿಮ್ಮ ಮುಂದೆ ಮೂರು ದಾರಿ ಇವೆ. ಫ್ರಿಸ್ಕೊದಲ್ಲೇ ಇದ್ದು ಹಿತ್ತಲನ್ನು ಚೆನ್ನಾಗಿ ಮಾಡಿಕೊಳ್ಳುವುದು ಒಂದು. ಎಚ್‌ಒಎ ಕೋಳಿ ಬೇಡ ಅನ್ನಬಹುದು, ಆದರೆ ಕಾಂಪೋಸ್ಟ್ ಗುಂಡಿಯನ್ನೂ ಮಳೆನೀರಿನ ಪೀಪಾಯಿಯನ್ನೂ ಪೂರ್ತಿ ನಿಷೇಧಿಸಲು ಟೆಕ್ಸಸ್ ಕಾನೂನು ಬಿಡುವುದಿಲ್ಲ. ಎಲ್ಲಿಡಬೇಕು, ಹೇಗೆ ಕಾಣಬೇಕು ಅಂತ ಮಾತ್ರ ಹೇಳಬಹುದು. ಇನ್ನೊಂದು, ಈಶಾನ್ಯಕ್ಕೆ ಫ್ಯಾನಿನ್ ಕೌಂಟಿಗೋ ಪೂರ್ವಕ್ಕೆ ಹಂಟ್ ಕೌಂಟಿಗೋ ಹೋಗಿ ಹತ್ತು ಎಕರೆ ಕೊಳ್ಳುವುದು. ಹಸುವೂ ಆಗುತ್ತದೆ, ಜೇನಿನ ಲೆಕ್ಕವೂ ಕೂಡುತ್ತದೆ. ಆದರೆ ದಿನಾ ಒಂದು ಗಂಟೆಗೂ ಮೀರಿದ ಓಡಾಟ. ಕೆಲಸದಿಂದ ಕತ್ತಲಲ್ಲಿ ಬಂದವರು ಗಿಡ ನೋಡುವುದಿಲ್ಲ. ಎರಡನೇ ವರ್ಷಕ್ಕೆ ಕಳೆ ಗೆಲ್ಲುತ್ತದೆ. ವಾರಕ್ಕೆ ನಾಲ್ಕು ದಿನವಾದರೂ ಮನೆಯಿಂದ ಕೆಲಸ ಮಾಡುವವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ.

ಉಳಿದದ್ದು ನಿಮ್ಮ ಮೂರು ಎಕರೆ. ಮೀಟರ್ ಪತ್ರ ಕೈಗೆ ಬಂದರೆ, ಡೀಡ್‌ನಲ್ಲಿ ಕೋಳಿಗೆ ಅಡ್ಡಿ ಇಲ್ಲದಿದ್ದರೆ, ಜಾಗ ಎತ್ತರದಲ್ಲಿದ್ದರೆ, ತೆರಿಗೆ ರಿಯಾಯಿತಿ ಇಲ್ಲದೆಯೂ ತೂಗಿಸಿಕೊಳ್ಳಲು ಆದರೆ, ಕೊಳ್ಳಿ. ತರಕಾರಿ, ಮೊಟ್ಟೆ, ಒಂದಷ್ಟು ಹಣ್ಣು ಮನೆಗೆ ಸಾಲುವಷ್ಟು ಬರುತ್ತದೆ. ಈ ನಾಲ್ಕರಲ್ಲಿ ಮೀಟರ್ ಒಂದು ತಪ್ಪಿದರೂ ನಾನಾದರೆ ಬಿಟ್ಟುಬಿಡುತ್ತೇನೆ.

ಕರಿಬೇವು, ನುಗ್ಗೆ, ಜೋಳದ ಪ್ರಶ್ನೆ ಸಣ್ಣದಲ್ಲ. ಇಲ್ಲಿ ಸಾಮಾನ್ಯವಾಗಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಹಿಮದ ಹೊಡೆತ ಇರುತ್ತದೆ. 2021ರ ಫೆಬ್ರವರಿಯಲ್ಲಿ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಕರಿಬೇವು ಕುಂಡದಲ್ಲೇ ಇರಲಿ, ಚಳಿಗಾಲಕ್ಕೆ ಒಳಗೆ ತನ್ನಿ. ನೆಲದ ಈ ಸುಣ್ಣದ ಮಣ್ಣು ಕುಂಡಕ್ಕೆ ಬೇಡ, ಕಬ್ಬಿಣದಂಶ ಸಿಗದೆ ಎಲೆ ಹಳದಿಯಾಗುತ್ತದೆ. ನುಗ್ಗೆ ಪ್ರತಿ ಚಳಿಗೆ ನೆಲದವರೆಗೆ ಸಾಯುತ್ತದೆ. ಬುಡಕ್ಕೆ ದಪ್ಪ ಹುಲ್ಲು ಮುಚ್ಚಿದರೆ ಕೆಲವೊಮ್ಮೆ ಚಿಗುರುತ್ತದೆ, ಸೊಪ್ಪಿಗೆ ಸಾಕು, ಕಾಯಿ ಆಸೆ ಬೇಡ. ಬೆಂಡೆ, ಬದನೆ, ಹೀರೆ, ಚವಳಿ ಈ ಬಿಸಿಲಿಗೆ ಹೇಳಿ ಮಾಡಿಸಿದವು. ಮೆಂತ್ಯ, ಕೊತ್ತಂಬರಿ ಸೆಪ್ಟೆಂಬರ್ ಕೊನೆಗೆ ಹಾಕಿ.

ಜೋಳ ಚೆನ್ನಾಗಿ ಬರುತ್ತದೆ. ಆದರೆ ಅತ್ತೆಯವರಿಗೆ ಒಂದು ಮಾತು ಹೇಳಿ. ಗದಗಿನಲ್ಲಿ ಹಿಂಗಾರಿ ಜೋಳವನ್ನು ಮಳೆಗಾಲ ಮುಗಿಯುವಾಗ ಬಿತ್ತಿ, ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುತ್ತಾರೆ. ಇಲ್ಲಿ ಹಾಗೆ ಅಕ್ಟೋಬರ್‌ನಲ್ಲಿ ಬಿತ್ತಿದರೆ ಹಿಮಕ್ಕೆ ಹೋಗುತ್ತದೆ. ಏಪ್ರಿಲ್‌ನಲ್ಲಿ ನೆಲ ಬೆಚ್ಚಗಾದ ಮೇಲೆ, ಮಣ್ಣು ಹದಕ್ಕೆ ಬಂದ ಎರಡು ಮೂರು ದಿನದಲ್ಲೇ ಬಿತ್ತಬೇಕು. ಆ ಹದ ಕೈಯಲ್ಲಿ ಹಿಡಿದು ಹೇಳಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ. ಮುಂದಿನ ಸಲ ಮಳೆ ಬಂದು ನಾಲ್ಕನೇ ದಿನ ಅವರನ್ನು ಕರೆದುಕೊಂಡು ಆ ಜಮೀನಿಗೆ ಹೋಗಿ. ನೀರು ಎಲ್ಲಿ ನಿಂತಿದೆ, ಎಲ್ಲಿ ಆರಿದೆ ಅಂತ ಅವರು ತೋರಿಸಿದ ಕಡೆಯ ಮಣ್ಣನ್ನೇ ಪರೀಕ್ಷೆಗೆ ಕಳಿಸಿ.